ಬೆಳಗಾವಿಗೆ ಒಂದು, ವಿಜಯಪುರಕ್ಕೆ ಇನ್ನೊಂದು: ಮನೆಗೆ ಯಾವ ಪುಟ್ಟ ಆರ್ಕಿಡ್ ತರಬೇಕು?

"ಫಲೆನಾಪ್ಸಿಸ್ ತಗೊಳ್ಳಲೋ, ಡೆಂಡ್ರೋಬಿಯಮ್ ತಗೊಳ್ಳಲೋ?" ಆರ್ಕಿಡ್ ಆಸೆ ಹತ್ತಿದವರೆಲ್ಲ ಮೊದಲು ಕೇಳುವ ಪ್ರಶ್ನೆ ಇದು. ಯಾರೋ ಕಳಿಸಿದ ವಾಂಡಾ ಫೋಟೋ ನೋಡಿದ ಮೇಲೆ ಗೊಂದಲ ಇನ್ನೂ ಜಾಸ್ತಿ. ಖಾನಾಪುರದ ಕಡೆಯವರಾದರೆ ಊರ ಮರದ ಮೇಲೆ ಕಂಡ ಸೀತಾಳೆ ದಂಡೆಯ ಆಸೆಯೂ ಸೇರಿಕೊಳ್ಳುತ್ತದೆ. ಯಾವ ಹೂ ಚೆಂದ ಅನ್ನುವುದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಮನೆ ಎಲ್ಲಿದೆ, ನಲ್ಲಿಯಲ್ಲಿ ಯಾವ ನೀರು ಬರುತ್ತದೆ, ಇವೆರಡು ಗೊತ್ತಾದರೆ ಅರ್ಧ ಪಟ್ಟಿ ತಾನಾಗೇ ಕಡಿಮೆಯಾಗುತ್ತದೆ.

ಇವೆಲ್ಲ ಕಾಡಿನಲ್ಲಿ ಮರದ ಕೊಂಬೆ ಹಿಡಿದು ಬದುಕುವ ಗಿಡಗಳು. ಬದನಿಕೆಯ ಹಾಗೆ ಮರದ ರಸ ಹೀರುವುದಿಲ್ಲ, ಆಸರೆ ಮಾತ್ರ ಪಡೆಯುತ್ತವೆ. ಬೇರು ಗಾಳಿಯಲ್ಲೇ ಇರುತ್ತದೆ. ಬೇರಿನ ಮೇಲೆ ನೀರು ಹೀರುವ ದಪ್ಪ ಬಿಳಿ ಪದರ ಇದೆ. ನೀರು ಬಿದ್ದಾಗ ಅದು ಹಸಿರಾಗಿ ಕಾಣುತ್ತದೆ, ಒಣಗಿದಾಗ ಮತ್ತೆ ಬೆಳ್ಳಗಾಗುತ್ತದೆ. ಹೀಗೆ ನೆನೆದು ಒಣಗುವ ಆಟ ನಡೆಯುತ್ತಲೇ ಇರಬೇಕು. ಮಣ್ಣಿನಲ್ಲಿ ನೆಟ್ಟರೆ ಗಾಳಿ ಸಿಗದೆ ಬೇರು ಕೊಳೆಯುತ್ತದೆ. ನೀರೇ ಇಲ್ಲದೆ ಒಣಗಾಳಿಗೆ ಇಟ್ಟರೆ ಸುಕ್ಕುತ್ತದೆ.

ಯಾವುದನ್ನು ನೋಡಿ ಆರಿಸಬೇಕು?

ಮೊದಲನೆಯದು ಹವೆ. ಬೆಳಗಾವಿ ನಗರ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ವರ್ಷಕ್ಕೆ 1,200 ಮಿಲಿಮೀಟರಿಗೂ ಮೀರಿ ಮಳೆ. ಬೇಸಿಗೆಯಲ್ಲೂ ಸಂಜೆಗೆ ತಂಪು ಗಾಳಿ ಬರುತ್ತದೆ. ಬಾಗಲಕೋಟೆ, ವಿಜಯಪುರದಲ್ಲಿ ಮಳೆ ಅದರ ಅರ್ಧದಷ್ಟು, 600 ಮಿಲಿಮೀಟರಿನ ಆಸುಪಾಸು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಮಧ್ಯಾಹ್ನ ಗಾಳಿಯ ತೇವ ಶೇಕಡಾ 20–30ಕ್ಕೆ ಇಳಿಯುತ್ತದೆ. ಹೆಚ್ಚಿನ ಆರ್ಕಿಡ್‌ಗಳು ಬಯಸುವುದು ಶೇಕಡಾ 50–70.

ಹಾಗಾಗಿ ಬೆಳಗಾವಿ, ಖಾನಾಪುರದವರಿಗೆ ಕಷ್ಟದ ತಿಂಗಳು ಜುಲೈ. ಮಳೆ ಬಿಡುವುದಿಲ್ಲ, ಬೆಳಕು ಸಾಲುವುದಿಲ್ಲ, ಕುಂಡ ಒಣಗುವುದಿಲ್ಲ. ವಿಜಯಪುರ, ಬಾಗಲಕೋಟೆಯವರಿಗೆ ಕಷ್ಟದ ತಿಂಗಳು ಏಪ್ರಿಲ್. ಇಲ್ಲಿ ಜಿಲ್ಲೆ ನೋಡಿ ಪ್ರಯೋಜನ ಇಲ್ಲ, ತಾಲ್ಲೂಕು ನೋಡಬೇಕು. ಅಥಣಿ, ರಾಯಬಾಗ, ರಾಮದುರ್ಗ, ಸವದತ್ತಿಯವರು ಬೆಳಗಾವಿ ಜಿಲ್ಲೆಯವರೇ ಆದರೂ ಆರ್ಕಿಡ್ ವಿಷಯದಲ್ಲಿ ವಿಜಯಪುರದವರ ಪಂಕ್ತಿಯಲ್ಲೇ ಕೂರಬೇಕು.

ಎರಡನೆಯದು ನೀರು. ನಮ್ಮ ಕಡೆ ಆರ್ಕಿಡ್ ಸಾಯುವುದು ಬಿಸಿಲಿಗಿಂತ ಹೆಚ್ಚಾಗಿ ಸವಳು ನೀರಿನಿಂದ. ಬೋರ್‌ವೆಲ್ ನೀರಿನ ಉಪ್ಪು ಬೇರಿನ ಮೇಲೆ ಕೂತು ತುದಿ ಸುಡುತ್ತದೆ. ಗಿಡ ಮೆಲ್ಲಗೆ ಸೊರಗುತ್ತದೆ, ಕಾರಣ ಗೊತ್ತಾಗುವುದೇ ಇಲ್ಲ. ನೀರಿನಲ್ಲಿ ಎಷ್ಟು ಉಪ್ಪು ಕರಗಿದೆ ಎಂದು ತೋರಿಸುವ ಪುಟ್ಟ ಟಿಡಿಎಸ್ ಮೀಟರ್ ಒಂದು ತಂದರೆ ಈ ಊಹೆಯ ಕೆಲಸ ಮುಗಿಯುತ್ತದೆ. ಮೀಟರ್ 200ರ ಒಳಗೆ ತೋರಿಸಿದರೆ ಯಾವ ಆರ್ಕಿಡ್‌ಗೂ ನಡೆಯುತ್ತದೆ. 200ರಿಂದ 400 ಇದ್ದರೆ ಡೆಂಡ್ರೋಬಿಯಮ್ ತಡೆದುಕೊಳ್ಳುತ್ತದೆ. ಆದರೆ ತಿಂಗಳಿಗೆ ಒಂದೆರಡು ಸಲ ಮಳೆನೀರನ್ನು ಧಾರಾಳವಾಗಿ ಸುರಿದು ಕುಂಡ ತೊಳೆಯಬೇಕು. ಅದಕ್ಕೂ ಮೇಲಿದ್ದರೆ ಆ ನೀರನ್ನು ಮರೆತುಬಿಡಿ. ವಿಜಯಪುರದ ಸುತ್ತಮುತ್ತ ಬೋರ್‌ವೆಲ್ ನೀರು ಸಾವಿರ ದಾಟುವುದೂ ಉಂಟು.

ದಾರಿ ಎರಡಿವೆ. ಒಂದು, ಕುಡಿಯುವ ನೀರಿನ ಘಟಕದಿಂದ ತರುವ 20 ಲೀಟರ್ ಕ್ಯಾನ್. ಐದಾರು ಪುಟ್ಟ ಕುಂಡಕ್ಕೆ ಹೆಚ್ಚೂಕಡಿಮೆ ವಾರ, ಹತ್ತು ದಿನ ಬರುತ್ತದೆ. ಇನ್ನೊಂದು, ತಾರಸಿಯ ಮಳೆನೀರು. ಲೆಕ್ಕ ಸರಳ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಅಂದರೆ 100 ಚದರ ಅಡಿ ತಾರಸಿಗೆ 22 ಮಿಲಿಮೀಟರ್ ಮಳೆ ಬಿದ್ದರೆ 200 ಲೀಟರಿನ ಡ್ರಮ್ ತುಂಬುತ್ತದೆ. ಸೆಪ್ಟೆಂಬರಿನ ಒಂದೆರಡು ಒಳ್ಳೆ ಮಳೆ ಸಾಕು. ಮುಚ್ಚಳ ಬಿಗಿಯಾಗಿ ಹಾಕಿಡಿ, ಇಲ್ಲದಿದ್ದರೆ ಸೊಳ್ಳೆಗಳ ಸಂತಾನ. ಒಂದು ಎಚ್ಚರಿಕೆ: ಮನೆಯಲ್ಲಿ ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಯಂತ್ರದ ಹೊರಪೈಪಿನಿಂದ ಬರುವ ನೀರು ಗಿಡಕ್ಕೆ ಬೇಡ, ಅದರಲ್ಲಿ ಉಪ್ಪು ಮೊದಲಿಗಿಂತ ಹೆಚ್ಚಿರುತ್ತದೆ. ಏರ್ ಕೂಲರ್ ತೊಟ್ಟಿಯ ನೀರೂ ಅಷ್ಟೇ. ನೀರು ಆವಿಯಾಗಿ ಹೋಗಿ ಉಪ್ಪು ಅಲ್ಲೇ ಉಳಿದಿರುತ್ತದೆ.

ಉಳಿದ ಮೂರು ಬೇಗ ಹೇಳಬಹುದು. ಬೆಳಕು: ಪೂರ್ವದ ಕಿಟಕಿಯೋ, ತೆರೆದ ತಾರಸಿಯೋ? ಸಮಯ: ದಿನಾ ನೀರು ಹಾಕುವವರು ಮನೆಯಲ್ಲಿ ಇದ್ದಾರಾ? ಕೊನೆಗೆ ದುಡ್ಡು. ಗಿಡದ ಬೆಲೆ ಒಂದು ಸಲದ್ದು. ನೆರಳು ಬಲೆ, ಕುಂಡ, ನೀರಿನ ಖರ್ಚು ವರ್ಷವರ್ಷದ್ದು.

ಮಿನಿ ಫಲೆನಾಪ್ಸಿಸ್

ಹೂಗುಚ್ಛದ ಅಂಗಡಿಯಲ್ಲಿ, ಮದುವೆ ವೇದಿಕೆಯಲ್ಲಿ ಕಾಣುವ ಚಿಟ್ಟೆಯಾಕಾರದ ಹೂ ಇದರದ್ದೇ. ಮಿನಿ ತಳಿಗಳು ಗೇಣುದ್ದದ ಗಿಡಗಳು, ಕಿಟಕಿ ಕಟ್ಟೆಗೆ ಸರಿಯಾಗಿ ಹೊಂದುತ್ತವೆ. ಹೂ ಎರಡು, ಕೆಲವೊಮ್ಮೆ ಮೂರು ತಿಂಗಳು ನಿಲ್ಲುತ್ತದೆ. ನೇರ ಬಿಸಿಲು ಬೇಡ, ಬೆಳಗಿನ ಎಳೆ ಬಿಸಿಲು ಸಾಕು. ಬೆಳಗಾವಿಯ ತಿಲಕವಾಡಿಯ ಅಪಾರ್ಟ್‌ಮೆಂಟಿನಲ್ಲಿ ಪೂರ್ವದ ಕಿಟಕಿ ಇದ್ದವರು ಬೇರೆ ಯಾವುದನ್ನೂ ನೋಡಬೇಕಿಲ್ಲ, ಇದನ್ನೇ ತನ್ನಿ.

ಬೆಳಗಾವಿಗೆ ಇನ್ನೊಂದು ಲಾಭ ಇದೆ. ಫಲೆನಾಪ್ಸಿಸ್ ಹೂದಂಡು ಬಿಡಬೇಕಾದರೆ ಕೆಲವು ವಾರ ಗಿಡದ ಸುತ್ತ 25–26 ಡಿಗ್ರಿಗಿಂತ ತಂಪಿರಬೇಕು. ನವೆಂಬರಿನಿಂದ ಜನವರಿಯವರೆಗೆ ಬೆಳಗಾವಿಯ ಮನೆಗಳಲ್ಲಿ ಅದು ತಾನಾಗಿ ಆಗುತ್ತದೆ. ಕಿಟಕಿ ಸ್ವಲ್ಪ ತೆರೆದಿಟ್ಟರೆ ಸಾಕು. ರಾತ್ರಿ ಚಳಿ 13 ಡಿಗ್ರಿಗೆ ಇಳಿಯುವ ದಿನ ಮಾತ್ರ ಕಿಟಕಿ ಮುಚ್ಚಿ.

ಕೊರತೆ ಏನೆಂದರೆ, ಈ ಗಿಡಕ್ಕೆ ನೀರು ಕೂಡಿಟ್ಟುಕೊಳ್ಳಲು ಗಡ್ಡೆ, ಕಾಂಡ ಯಾವುದೂ ಇಲ್ಲ. ಇರುವುದು ನಾಲ್ಕಾರು ದಪ್ಪ ಎಲೆ, ಬೇರು, ಅಷ್ಟೇ. 35 ಡಿಗ್ರಿ ಮೇಲೆ ಹೋದರೆ ಬೆಳವಣಿಗೆ ನಿಲ್ಲುತ್ತದೆ, ಒಣಗಾಳಿಗೆ ಎಲೆ ಜೋತುಬೀಳುತ್ತದೆ. ನಡುಸುಳಿಯಲ್ಲಿ ನೀರು ನಿಂತರೆ ಕೊಳೆಯುತ್ತದೆ. ಹೀಗೆ ಸುಳಿ ಕೊಳೆತ ಗಿಡ ಚೇತರಿಸಿಕೊಳ್ಳುವುದು ಅಪರೂಪ. ಬೆಳಗಾವಿಯ ಮಳೆಗೆ ಇದನ್ನು ಹೊರಗಿಡಲೇಬಾರದು.

ವಿಜಯಪುರದಲ್ಲಿ ಆಗುವುದೇ ಇಲ್ಲವಾ? ಆಗುತ್ತದೆ, ಷರತ್ತಿನ ಮೇಲೆ. ಮಾರ್ಚ್ ಕೊನೆಯಿಂದ ಜೂನ್‌ವರೆಗೆ ಕೂಲರ್ ಓಡುವ ಕೋಣೆಯಲ್ಲಿ, ಗಾಳಿ ನೇರ ಬಡಿಯದ ಮೂಲೆಯಲ್ಲಿ ಗಿಡ ಇರಬೇಕು. ಒಳ್ಳೆ ನೀರು ಬೇಕು. ಇಷ್ಟು ಮಾಡುವ ಮನಸ್ಸಿದ್ದರೆ ಒಂದು ಗಿಡ ತಂದು ನೋಡಿ. ಹೂ ಬಿಟ್ಟ ಗಿಡಕ್ಕೆ ಸುಮಾರು 500ರಿಂದ 1,000 ರೂಪಾಯಿ ಬೀಳುತ್ತದೆ. ಎರಡು ಬೇಸಿಗೆ ದಾಟದಿದ್ದರೆ ಅದು ದುಬಾರಿ ಹೂಗುಚ್ಛ ಆಯಿತು, ಅಷ್ಟೇ.

ಗಿಡ್ಡ ಡೆಂಡ್ರೋಬಿಯಮ್

ಬಾಗಲಕೋಟೆ, ವಿಜಯಪುರದ ಮೊದಲ ಆರ್ಕಿಡ್‌ಗೆ ನನ್ನ ಮತ ಇದಕ್ಕೇ. ಥಾಯ್ಲೆಂಡಿನಿಂದ ಕತ್ತರಿಸಿದ ಹೂವಾಗಿ ಲೋಕಕ್ಕೆಲ್ಲ ಹೋಗುವ ನೇರಳೆ, ಬಿಳಿ ಹೂಗಳ ಬಳಗ ಇದು. ಕುಂಡದಲ್ಲಿ ಬೆಳೆಸಲೆಂದೇ ಗಿಡ್ಡ ತಳಿಗಳೂ ಬಂದಿವೆ. ಕಬ್ಬಿನ ಗಣಿಕೆಯಂಥ ಕಾಂಡದಲ್ಲಿ ನೀರು, ಆಹಾರ ಎರಡನ್ನೂ ಕೂಡಿಟ್ಟುಕೊಳ್ಳುತ್ತದೆ. ಒಂದೆರಡು ದಿನ ನೀರು ತಪ್ಪಿದರೂ ಸಾಯುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬರುವ ಮನೆಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಇದಕ್ಕೆ ಬೆಳಕು ಜಾಸ್ತಿ ಬೇಕು. ಶೇಕಡಾ 50ರ ನೆರಳು ಬಲೆಯ ಕೆಳಗೆ ತಾರಸಿಯಲ್ಲಿ ಚೆನ್ನಾಗಿ ಬರುತ್ತದೆ. ಏಪ್ರಿಲ್‌ನಲ್ಲಿ ಮಾತ್ರ 75ರ ಬಲೆ ಹಾಕಿ, ಅಥವಾ ಇನ್ನೊಂದು ಪದರ ಎಳೆಯಿರಿ. ಎಲೆ ಕಡುಹಸಿರಾಗಿ ದಷ್ಟಪುಷ್ಟವಾಗಿ ಕಂಡರೆ ಖುಷಿಪಡಬೇಡಿ, ಬೆಳಕು ಸಾಲುತ್ತಿಲ್ಲ ಎಂದರ್ಥ, ಹೂ ಬರುವುದಿಲ್ಲ. ತುಸು ತಿಳಿಹಸಿರು ಇದ್ದರೆ ಸರಿ. ಕುಂಡವನ್ನು ತಾರಸಿಯ ನೆಲದ ಮೇಲೆ ಇಡಬೇಡಿ. ಕಾಂಕ್ರೀಟು ಕಾದು ರಾತ್ರಿಯವರೆಗೆ ಬಿಸಿ ಬಿಡುತ್ತಲೇ ಇರುತ್ತದೆ. ಪಶ್ಚಿಮದ ಗೋಡೆಯದೂ ಇದೇ ಕಥೆ. ಸ್ಟ್ಯಾಂಡಿನ ಮೇಲಿಡಿ ಇಲ್ಲವೇ ತೂಗುಹಾಕಿ. ಬಿಸಿಗಾಳಿ ಬರುವ ಕಡೆ ಒದ್ದೆ ಗೋಣಿತಟ್ಟು ಇಳಿಬಿಟ್ಟರೆ ಗಿಡಗಳ ಸುತ್ತ ತಂಪು ನಿಲ್ಲುತ್ತದೆ. ಮಟಮಟ ಮಧ್ಯಾಹ್ನ ಎಲೆಗೆ ನೀರು ಚಿಮುಕಿಸುವುದಕ್ಕಿಂತ ಇದು ಎಷ್ಟೋ ಮೇಲು, ಆ ಹನಿ ಹತ್ತು ನಿಮಿಷವೂ ಉಳಿಯುವುದಿಲ್ಲ.

ವರ್ಷಕ್ಕೆ ಒಂದೆರಡು ಸಲ ಹೂ, ಬಂದ ಹೂ ತಿಂಗಳಿಂದ ಎರಡು ತಿಂಗಳು. ಚಳಿಗಾಲದಲ್ಲಿ ಕೆಲವು ಎಲೆ ಉದುರಬಹುದು. ಎಲೆ ಉದುರಿದ ಹಳೆಯ ಕಾಂಡ ಒಣಗಿದೆ ಎಂದು ಕತ್ತರಿಸಿಬಿಡುವವರು ಬಹಳ. ಕತ್ತರಿಸಬೇಡಿ. ಗಿಡದ ಉಗ್ರಾಣ ಅದು, ಮುಂದಿನ ಹೂವೂ ಅದರ ತುದಿಯಿಂದಲೇ ಬರಬಹುದು. ಹೂ ಬಿಡುವ ಗಾತ್ರದ ಗಿಡ ಸುಮಾರು 250ರಿಂದ 500 ರೂಪಾಯಿಗೆ ಸಿಗುತ್ತದೆ.

ಬೆಳಗಾವಿಯವರಿಗೂ ಇದು ಆಗುತ್ತದೆ, ಆದರೆ ಮೋಡದ ತಿಂಗಳುಗಳಲ್ಲಿ ಬೆಳಕು ಸಾಲದೆ ಸುಮ್ಮನೆ ಕೂತಿರುತ್ತದೆ. ಮಳೆ ಬೀಳದ, ಗಾಳಿಯಾಡುವ ಸೂರಿನ ಕೆಳಗೆ ಇಡಬೇಕು. ಅಲ್ಲಿಯವರಿಗೆ ಇದೇ ಬಳಗದ ಡೆಂಡ್ರೋಬಿಯಮ್ ಲಿಂಡ್ಲೆಯಿ ಇನ್ನೂ ಒಳ್ಳೆಯ ಆಯ್ಕೆ. ಅಂಗೈಯಗಲದ ಗಿಡ, ವಸಂತದಲ್ಲಿ ಹಳದಿ ಹೂಗಳ ಗೊಂಚಲು ಜೋತುಬೀಳುತ್ತದೆ. ಅದಕ್ಕೆ ಚಳಿಗಾಲದಲ್ಲಿ ತಂಪೂ ಬೇಕು, ನೀರಿನ ಉಪವಾಸವೂ ಬೇಕು. ಚಳಿಯಲ್ಲಿ ನೀರು ಹಾಕದೆ ಇರಲು ಆಗದವರು ಅದನ್ನು ತರಬೇಡಿ. ಹೂ ನಿಲ್ಲುವುದೂ ಎರಡು ವಾರದೊಳಗೆ.

ವಾಂಡಾ ಬಳಗ

ನೋಡಿದವರು ಮರುಳಾಗುವುದು ಇದಕ್ಕೇ. ಮರದ ಬುಟ್ಟಿಯಿಂದ ಬೇರುಗಳು ಉದ್ದಕ್ಕೆ ಗಾಳಿಯಲ್ಲಿ ಜೋತಾಡುತ್ತಿರುತ್ತವೆ, ಕುಂಡವಿಲ್ಲ, ಕುಂಡದೊಳಗೆ ತುಂಬುವ ಇದ್ದಿಲೂ ಇಲ್ಲ. ದೊಡ್ಡ ವಾಂಡಾ ಪುಟ್ಟ ಮನೆಗೆ ಭಾರ. ಮೊದಲು ಆಸ್ಕೊಸೆಂಟ್ರಮ್ ಎಂದು ಕರೆಯುತ್ತಿದ್ದ, ಈಗ ವಾಂಡಾದೊಳಗೇ ಸೇರಿಸಿರುವ ಗಿಡ್ಡ ಜಾತಿಗಳು ಮತ್ತು ಅವುಗಳ ಮಿಶ್ರತಳಿಗಳು ಗೇಣು, ಒಂದೂವರೆ ಗೇಣಿನಲ್ಲೇ ಇರುತ್ತವೆ. ಕಿತ್ತಳೆ, ಗುಲಾಬಿ ಬಣ್ಣದ ಹೂ ತುಂಬಾ ಬಿಡುತ್ತವೆ.

ಬಿಸಿಲಿಗೆ ಇವು ಹೆದರುವುದಿಲ್ಲ, ಒಣಗಾಳಿಗೆ ಹೆದರುತ್ತವೆ. ಬೇರಿನ ಸುತ್ತ ಏನೂ ಇಲ್ಲದ್ದರಿಂದ ಒಮ್ಮೆ ನೆನೆಸಿದ ನೀರು ಬೇಸಿಗೆಯಲ್ಲಿ ಗಂಟೆಯೊಳಗೆ ಹಾರಿಹೋಗುತ್ತದೆ. ಬೆಳಗಾವಿಯಲ್ಲಿ ದಿನಕ್ಕೆ ಒಂದು ಸಲ ಬಕೆಟ್ಟಿನಲ್ಲಿ ಹತ್ತು ಹದಿನೈದು ನಿಮಿಷ ಬೇರು ಮುಳುಗಿಸಿದರೆ ಸಾಕು. ವಿಜಯಪುರದ ಏಪ್ರಿಲ್‌ನಲ್ಲಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೆನೆಸಲೇಬೇಕು. ಅದೂ ಮಳೆನೀರು ಅಥವಾ ಆರ್‌ಒ ನೀರಿನಲ್ಲಿ. ಜಾತ್ರೆಗೋ ಮದುವೆಗೋ ನಾಲ್ಕು ದಿನ ಊರು ಬಿಟ್ಟರೆ ಯಾರು ನೆನೆಸುತ್ತಾರೆ? ಮನೆಯಲ್ಲಿ ಅಜ್ಜಿ, ಅತ್ತೆ, ಯಾರಾದರೂ ಗಿಡದ ಮೇಲೆ ಪ್ರೀತಿ ಇರುವವರು ದಿನವೆಲ್ಲ ಇದ್ದರೆ ವಾಂಡಾ ತನ್ನಿ. ಬೆಲೆ 600 ರೂಪಾಯಿಯಿಂದ ಶುರುವಾಗಿ ಮೇಲಕ್ಕೆ ಹೋಗುತ್ತದೆ. ಈಶಾನ್ಯದ ಗುಡ್ಡಗಳ ನೀಲಿ ವಾಂಡಾ ಸಿರೂಲಿಯಾ ಮಾತ್ರ ಬಯಲುಸೀಮೆಗೆ ಖಂಡಿತ ಬೇಡ, ಅದು ತಂಪು ನಾಡಿನ ಗಿಡ.

ಸೀತಾಳೆ ದಂಡೆ

ಅಸ್ಸಾಂ ಮತ್ತು ಅರುಣಾಚಲ ಪ್ರದೇಶದ ರಾಜ್ಯಪುಷ್ಪ ಇದು. ನಮ್ಮ ಸಹ್ಯಾದ್ರಿಯಲ್ಲೂ ಬೆಳೆಯುತ್ತದೆ. ಮೇ, ಜೂನ್ ಹೊತ್ತಿಗೆ ಬಿಳಿ–ಗುಲಾಬಿ ಹೂಗಳು ದಟ್ಟವಾಗಿ ಪೋಣಿಸಿದ ದಂಡೆ ಜೋತುಬೀಳುತ್ತದೆ. ಎರಡು ವಾರದ ಹಬ್ಬ, ಆಮೇಲೆ ವರ್ಷವಿಡೀ ಎಲೆ ಮಾತ್ರ. ಕಿಟಕಿಯಲ್ಲಿ ಸದಾ ಹೂ ಬೇಕು ಅನ್ನುವವರಿಗೆ ಇದು ಸಲ್ಲ.

ಆದರೆ ಬೆಳಗಾವಿ, ಖಾನಾಪುರದಲ್ಲಿ ಹಿತ್ತಲಿನಲ್ಲಿ ಮಾವು ಅಥವಾ ಹಲಸಿನ ಮರ ಇದ್ದವರಿಗೆ ಇದಕ್ಕಿಂತ ಕಡಿಮೆ ಖರ್ಚಿನ ಆರ್ಕಿಡ್ ಇಲ್ಲ. ಜೂನಿನ ಮೊದಲ ಮಳೆಗೆ ಒರಟು ತೊಗಟೆಯ ಕೊಂಬೆಗೆ ಹತ್ತಿ ದಾರದಿಂದ ಕಟ್ಟಿ. ಮಳೆಗಾಲ ಮುಗಿಯುವಷ್ಟರಲ್ಲಿ ಬೇರು ತೊಗಟೆ ಹಿಡಿದಿರುತ್ತದೆ. ಪೇರಲ, ನೀಲಗಿರಿಯಂಥ ತೊಗಟೆ ಸುಲಿಯುವ ಮರಕ್ಕೆ ಕಟ್ಟಬೇಡಿ. ಮೊದಲ ಬೇಸಿಗೆಯಲ್ಲಿ ನೀರು ಚಿಮುಕಿಸುತ್ತಿರಬೇಕು, ಆಮೇಲೆ ಅದರ ಪಾಡಿಗೆ ಅದು. ಒಮ್ಮೆ ಬೇರೂರಿದ ಮೇಲೆ ಜಾಗ ಬದಲಿಸುವುದು ಇದಕ್ಕೆ ಸ್ವಲ್ಪವೂ ಇಷ್ಟವಿಲ್ಲ.

ನರ್ಸರಿಯಲ್ಲಿ ಬೆಳೆಸಿದ ಸಸಿಯನ್ನೇ ಕೊಳ್ಳಿ. ಭೀಮಗಡ, ಲೋಂಡಾ ಕಡೆ ಕಾಡಿಗೆ ಹೋದಾಗ ಮರದಿಂದ ಕಿತ್ತು ತರುವುದು ಕಾನೂನಿನ ಪ್ರಕಾರ ಅಪರಾಧ. ಸಂತೆಯಲ್ಲಿ ಬೇರು ಹರಿದ ಗಿಡ ಅಗ್ಗಕ್ಕೆ ಮಾರುತ್ತಿದ್ದರೆ ಅದು ಕಾಡಿನದೇ. ಬಯಲು ಕಡೆ ಹಳೆಯ ಮಾವು, ಬೇವಿನ ಮರದ ಮೇಲೆ ಕಿರಿದಾದ ದಪ್ಪ ಎಲೆಯ ವಾಂಡಾ ಟೆಸೆಲೇಟಾ ಕಂಡರೂ ಅಲ್ಲೇ ಬಿಡಿ. ಒಣ ಕಾಡಿನಲ್ಲೂ ಬದುಕುವ ಗಟ್ಟಿ ಜಾತಿ ಅದು, ಮರ ಕಡಿಯದೆ ಉಳಿಸಿದರೆ ಅದೂ ಉಳಿಯುತ್ತದೆ.

ಇನ್ನೆರಡು ಪುಟಾಣಿಗಳು

ಒನ್ಸಿಡಿಯಮ್ 'ಟ್ವಿಂಕಲ್' ಘಮಘಮಿಸುವ ಪುಟ್ಟ ಹೂಗಳ ಗಿಡ. ಬೆಳಗಾವಿಯ ತಂಪಿಗೆ ಒಪ್ಪುತ್ತದೆ, ವಿಜಯಪುರದ ಧಗೆಗೆ ಒಪ್ಪುವುದಿಲ್ಲ. ಟೊಲುಮ್ನಿಯಾ ಕೆರಿಬಿಯನ್ ದ್ವೀಪಗಳದ್ದು, ಬೆರಳುದ್ದದ ಎಲೆಗಳು ಬೀಸಣಿಗೆಯ ಆಕಾರದಲ್ಲಿ ಹರಡಿರುತ್ತವೆ. ದಿನಾ ನೆನೆಯಬೇಕು, ಸಂಜೆಯೊಳಗೆ ಒಣಗಲೇಬೇಕು. ಒಂದೆರಡು ಆರ್ಕಿಡ್ ಪಳಗಿದ ಮೇಲೆ ನೋಡಬಹುದು.

ಕುಂಡದೊಳಗೆ ಏನು ತುಂಬಬೇಕು?

ಇಲ್ಲಿಯೂ ಊರಿಗೊಂದು ಲೆಕ್ಕ. ಬೆಳಗಾವಿಯಲ್ಲಿ ಇದ್ದಿಲು, ಪೈನ್ ತೊಗಟೆಯ ದಪ್ಪ ಚೂರು ಸಾಕು. ನೀರು ಹಿಡಿಯುವ ಸ್ಫ್ಯಾಗ್ನಮ್ ಪಾಚಿ ಬೇಡ, ಜುಲೈನಲ್ಲಿ ಅದು ಒಣಗುವುದೇ ಇಲ್ಲ. ವಿಜಯಪುರ, ಬಾಗಲಕೋಟೆಯಲ್ಲಿ ಇದ್ದಿಲಿನ ಜೊತೆ ತೆಂಗಿನ ಸಿಪ್ಪೆಯ ತುಂಡು ಬೆರೆಸಿ, ಬೇಸಿಗೆಗೆ ಮೇಲೊಂದು ಹಿಡಿ ಪಾಚಿ ಹಾಸಬಹುದು. ಸಿಪ್ಪೆಯಲ್ಲಿ ಉಪ್ಪಿರುತ್ತದೆ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ ಹಾಕಿ. ಅದು ಎರಡು ವರ್ಷದೊಳಗೆ ಮೆತ್ತಗಾಗುತ್ತದೆ, ಆಗ ಬದಲಿಸಬೇಕು. ಒಣ ಊರಲ್ಲಿ ಪ್ಲಾಸ್ಟಿಕ್ಕಿಗಿಂತ ತೂತುಗಳಿರುವ ಮಣ್ಣಿನ ಕುಂಡ ತಂಪು, ಆದರೆ ಬೇಗ ಒಣಗುತ್ತದೆ. ದಿನಾ ನೀರು ಹಾಕುವವರಿಗೆ ಮಣ್ಣಿನದು, ದಿನ ಬಿಟ್ಟು ದಿನ ಹಾಕುವವರಿಗೆ ಪ್ಲಾಸ್ಟಿಕ್.

ಗೊಬ್ಬರಕ್ಕೆ ಬೇರೆ ಖರ್ಚು ಬೇಕಿಲ್ಲ. ದ್ರಾಕ್ಷಿ, ದಾಳಿಂಬೆ ತೋಟ ಇದ್ದವರ ಮನೆಯಲ್ಲಿ ನೀರಿನಲ್ಲಿ ಕರಗುವ 19:19:19 ಗೊಬ್ಬರ ಇದ್ದೇ ಇರುತ್ತದೆ. ಲೀಟರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ, ಬೆಳೆಯುವ ಕಾಲದಲ್ಲಿ ಮಾತ್ರ. ಆದರೆ ದ್ರಾಕ್ಷಿಗೆ ಹೊಡೆಯುವ, ಮೈಲುತುತ್ತ ಬೆರೆಸಿದ ಬೋರ್ಡೋ ದ್ರಾವಣ ಡೆಂಡ್ರೋಬಿಯಮ್ ಹತ್ತಿರ ಸುಳಿಯದಿರಲಿ, ಅದರಲ್ಲಿರುವ ತಾಮ್ರ ಈ ಗಿಡಕ್ಕೆ ಆಗಿಬರುವುದಿಲ್ಲ. ಹಿಟ್ಟು ತಿಗಣೆ ಮಾತ್ರ ದ್ರಾಕ್ಷಿಯ ಹಾಗೆ ಇಲ್ಲಿಯೂ ಬರುತ್ತದೆ, ಎಲೆಯ ಬುಡ ನೋಡುತ್ತಿರಿ.

ಜೇಬು ಮತ್ತು ತಿಂಗಳು

ಸಾವಿರ ರೂಪಾಯಿಯಲ್ಲಿ ಮುಗಿಸಬೇಕಾ? ಎರಡು ಡೆಂಡ್ರೋಬಿಯಮ್, ಎರಡು ಮಣ್ಣಿನ ಕುಂಡ, ಒಂದು ಚೀಲ ಇದ್ದಿಲು, ಒಂದು ತುಂಡು ನೆರಳು ಬಲೆ. ವಿಜಯಪುರದವರು ಇದರಲ್ಲಿ ಒಂದು ಗಿಡ ಕಡಿಮೆ ಮಾಡಿ ಟಿಡಿಎಸ್ ಮೀಟರ್ ತರುವುದು ಜಾಣತನ. ಆನ್‌ಲೈನಿನಲ್ಲಿ ನೂರು ನೂರೈವತ್ತಕ್ಕೆ ಸಿಗುವ ಅಂಗಾಂಶ ಕೃಷಿಯ ಎಳೆ ಸಸಿಗಳು ಅಗ್ಗ ಅನ್ನಿಸಬಹುದು. ಅವು ಹೂ ಬಿಡಲು ಎರಡು ಮೂರು ವರ್ಷ ಬೇಕು, ಮೊದಲ ಬೇಸಿಗೆಯಲ್ಲೇ ಹೋಗುವ ಸಾಧ್ಯತೆಯೂ ಹೆಚ್ಚು. ಹೊಸಬರಿಗೆ ಹೂ ಬಿಡುವ ಗಾತ್ರದ ಗಿಡವೇ ಲಾಭ.

ಮಾರ್ಚಿನಿಂದ ಮೇವರೆಗೆ ಪಾರ್ಸಲ್ ತರಿಸಬೇಡಿ. ಬಿಸಿ ಲಾರಿಯಲ್ಲಿ ನಾಲ್ಕು ದಿನ ಕೂತ ಗಿಡ ಬೆಂದೇ ಬರುತ್ತದೆ. ಬಯಲು ಕಡೆಯವರಿಗೆ ಜುಲೈನಿಂದ ಅಕ್ಟೋಬರ್ ಒಳ್ಳೆಯದು, ಬೇಸಿಗೆಯೊಳಗೆ ಗಿಡ ಹೊಸ ಬೇರು ಬಿಟ್ಟಿರುತ್ತದೆ. ಬೆಳಗಾವಿಯವರು ಮಳೆ ಇಳಿದ ಮೇಲೆ, ಸೆಪ್ಟೆಂಬರಿನಿಂದ ತರಿಸಿ. ಆದಷ್ಟು ಕಣ್ಣಾರೆ ನೋಡಿ ಕೊಳ್ಳುವುದೇ ಉತ್ತಮ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಮೇಳಕ್ಕೆ ಹೋದಾಗ ನರ್ಸರಿ ಮಳಿಗೆಗಳಲ್ಲಿ ಒಂದು ಸುತ್ತು ಹಾಕಿ.

ಗಿಡ ಕೈಗೆತ್ತಿಕೊಂಡಾಗ ಹೂ ಆಮೇಲೆ ನೋಡಿ, ಮೊದಲು ಬುಡ ನೋಡಿ. ಕುಂಡ ಸ್ವಲ್ಪ ಅಲುಗಾಡಿಸಿದರೆ ಗಿಡ ಅಲ್ಲಾಡಬಾರದು. ಬೇರು ಬೆರಳಿಗೆ ಗಟ್ಟಿ ಸಿಗಬೇಕು, ತುದಿ ಹಸಿರಾಗಿರಬೇಕು. ಒತ್ತಿದರೆ ಟೊಳ್ಳು ಅನ್ನಿಸಿದರೆ ಅದು ಸತ್ತ ಬೇರು. ಫಲೆನಾಪ್ಸಿಸ್ ಆದರೆ ನಡುಸುಳಿಯಲ್ಲಿ ಕಪ್ಪು ಕಲೆ ಇದೆಯಾ ನೋಡಿ. ಡೆಂಡ್ರೋಬಿಯಮ್ ಆದರೆ ಬುಡದಲ್ಲಿ ಹೊಸ ಮೊಳಕೆ ಒಂದಾದರೂ ಇರಲಿ. ಎರಡು ಗಿಡದ ನಡುವೆ ಮನಸ್ಸು ಹೊಯ್ದಾಡಿದರೆ, ಹೂ ಹೆಚ್ಚಿರುವುದನ್ನು ಬಿಟ್ಟು ಬೇರು ಹೆಚ್ಚಿರುವುದನ್ನು ಕೊಳ್ಳಿ.